ಮನೆ, ಬಾಡಿಗೆ, ಘರಪಟ್ಟಿ: ಬೆಳಗಾವಿಯ ಮಾಲಕರೂ ಬಾಡಿಗೆದಾರರೂ ಪದೇ ಪದೇ ಕೇಳುವ ಪ್ರಶ್ನೆಗಳು

ತಿಲಕವಾಡಿಯಲ್ಲಿ ಕುಳಿತು ಜನರ ಆದಾಯ ತೆರಿಗೆ ವಿವರ ಸಲ್ಲಿಸುವುದು, ಬಾಡಿಗೆ ಕರಾರು ಬರೆದುಕೊಡುವುದು ನನ್ನ ಕಸುಬು. ನನ್ನ ಮನೆಯ ಮಾಳಿಗೆಯ ಮೇಲೆ ಎರಡು ಬಾಡಿಗೆ ಮನೆಗಳಿವೆ. ಅದಕ್ಕೆ ಮುಂಚೆ ಒಂಬತ್ತು ವರ್ಷ ಶಹಾಪುರದಲ್ಲಿ ನಾನೇ ಬಾಡಿಗೆದಾರನಾಗಿದ್ದೆ. ಹೀಗಾಗಿ ಎರಡೂ ಕಡೆಯ ಗೊಣಗಾಟ ನನಗೆ ಪರಿಚಿತ. ಕೆಳಗಿನವು ಕಟ್ಟೆಯ ಮೇಲೆ, ಪತ್ರಗಳಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು; ಕೇಳಿದವರ ಮಾತಿನಲ್ಲಿಯೇ ಇಟ್ಟಿದ್ದೇನೆ. ಘರಪಟ್ಟಿ ಎಂದರೆ ನಮ್ಮಲ್ಲಿ ಮನೆಯ ಆಸ್ತಿ ತೆರಿಗೆ. ಆದಾಯ ತೆರಿಗೆಯ ಕಲಮುಗಳ ಸಂಖ್ಯೆಯನ್ನು ಬೇಕೆಂದೇ ಬಿಟ್ಟಿದ್ದೇನೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಗೆ 2026ರ ಏಪ್ರಿಲ್ 1 ಜಾರಿಯ ದಿನ. ಅದರಲ್ಲಿ ಹಳೆಯ ಸಂಖ್ಯೆಗಳೆಲ್ಲ ಬದಲಾಗಿವೆ.

## ಮೊದಲು ತಿಳಿಯಬೇಕಾದವು

“ಘರಪಟ್ಟಿ ಹೆಚ್ಚಾಗಿದೆ ಎಂದು ಮಾಲಕರು ಒಮ್ಮೆಲೇ ಸಾವಿರ ರೂಪಾಯಿ ಬಾಡಿಗೆ ಏರಿಸಿದ್ದಾರೆ. ಘರಪಟ್ಟಿ ಅಷ್ಟು ಏರುತ್ತದೆಯೇ?”

ಏರುವುದಿಲ್ಲ. ಲೆಕ್ಕ ಹಾಕಿ ನೋಡೋಣ. 2021-22ರಿಂದ ಮಹಾನಗರ ಪಾಲಿಕೆಗಳ ಆಸ್ತಿ ತೆರಿಗೆಗೆ ನೋಂದಣಿ ಇಲಾಖೆಯ ಮಾರ್ಗಸೂಚಿ ದರವೇ (ಆಸ್ತಿಗೆ ಸರ್ಕಾರ ಕಟ್ಟಿದ ಬೆಲೆ) ಆಧಾರ. ಅಲ್ಲಿಂದ ಮುಂದೆ ಪ್ರತಿ ವರ್ಷ ಶೇ 3ರಿಂದ 5ರವರೆಗೆ ಏರಿಸಬಹುದು. ನಿಮ್ಮ ಮಾಲಕರ ಮನೆಗೆ ವರ್ಷಕ್ಕೆ 6,000 ರೂಪಾಯಿ ತೆರಿಗೆ ಎಂದುಕೊಳ್ಳಿ. ಅದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಪರಿಹಾರ, ನಗರ ಸಾರಿಗೆ ಎಂದು ಒಟ್ಟು ಶೇ 26 ಸೆಸ್ ಸೇರಿ 7,560 ಆಯಿತು. ಶೇ 5 ಏರಿದರೆ ವರ್ಷಕ್ಕೆ 378 ರೂಪಾಯಿ, ತಿಂಗಳಿಗೆ ಮೂವತ್ತೊಂದೂವರೆ. ಎರಡು ಕಪ್ ಚಹಾ ಮತ್ತು ಒಂದು ಪ್ಲೇಟ್ ಮಿರ್ಚಿಯ ಬೆಲೆ.

ಹಾಗಾದರೆ ಸಾವಿರ ರೂಪಾಯಿ ಎಲ್ಲಿಂದ ಬಂತು? ಪಕ್ಕದ ಮನೆಯಿಂದ ಬಂತು. ಅಲ್ಲಿಗೆ ಹೊಸದಾಗಿ ಬಂದವರು ಎಷ್ಟು ಕೊಡುತ್ತಿದ್ದಾರೆ ಎಂಬುದು ಮಾಲಕರ ಕಿವಿಗೆ ಬಿದ್ದಿದೆ. ಅದನ್ನು ನೇರವಾಗಿ ಹೇಳಲು ಸಂಕೋಚ, ಆದ್ದರಿಂದ ಪಾಲಿಕೆಯನ್ನು ಮುಂದೆ ಮಾಡುತ್ತಾರೆ. ತೆರಿಗೆ ಬಾಡಿಗೆಯ ಮೊತ್ತವನ್ನು ನಿರ್ಧರಿಸುವುದು ಬಹಳ ಕಡಿಮೆ. ಯಾವ ಮನೆ ಬಾಡಿಗೆಗೆ ಬರುತ್ತದೆ, ಯಾವುದು ಬೀಗ ಹಾಕಿಕೊಂಡು ಕೂರುತ್ತದೆ ಎಂಬುದನ್ನು ಮಾತ್ರ ತೆರಿಗೆ ಮತ್ತು ಕಾನೂನು ಚೆನ್ನಾಗಿಯೇ ನಿರ್ಧರಿಸುತ್ತವೆ.

ಮಾಲಕರಿಗೆ ಒಂದು ಮಾತು: ಏಪ್ರಿಲ್ ತಿಂಗಳಲ್ಲಿಯೇ ತೆರಿಗೆ ತುಂಬಿದರೆ ಶೇ 5 ರಿಯಾಯಿತಿ ಇದೆ. ಏರಿದ್ದು ಅಲ್ಲಿಯೇ ವಜಾ ಆಗುತ್ತದೆ.

“ಎಲ್ಲರೂ ಹನ್ನೊಂದು ತಿಂಗಳ ಕರಾರನ್ನೇ ಏಕೆ ಮಾಡುತ್ತಾರೆ? ಹನ್ನೆರಡು ಬರೆದರೆ ಏನಾಗುತ್ತದೆ?”

ಒಂದು ವರ್ಷ ಮೀರಿದ ಅಥವಾ ವರ್ಷದಿಂದ ವರ್ಷಕ್ಕೆ ನಡೆಯುವ ಕಟ್ಟಡದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ನೋಂದಣಿ ಎಂದರೆ ಶುಲ್ಕ, ಸರದಿ, ಅರ್ಧ ದಿನದ ಕೆಲಸ. ಅದನ್ನು ತಪ್ಪಿಸಿಕೊಳ್ಳಲು ಹನ್ನೊಂದು. ಸ್ಟ್ಯಾಂಪ್ ಕಾಗದದ ಮೇಲೆ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದರೆ ಮುಗಿಯಿತು. ಬೆಳಗಾವಿಯಲ್ಲಿ ಇಂಥ ಕರಾರುಗಳು ಕನ್ನಡದಲ್ಲಿ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಬರುತ್ತವೆ. ಒಂದೇ ಪತ್ರದಲ್ಲಿ ಮೂರೂ ಇದ್ದದ್ದನ್ನು ನೋಡಿದ್ದೇನೆ.

ಹನ್ನೊಂದು ತಿಂಗಳು ಮುಗಿದ ಮೇಲೂ ಬಾಡಿಗೆ ಕೊಡುತ್ತಾ, ತೆಗೆದುಕೊಳ್ಳುತ್ತಾ ಹೋದರೆ ಅದು ತಿಂಗಳ ಬಾಡಿಗೆಯಾಗಿ ಮುಂದುವರಿಯುತ್ತದೆ. ಆಗ ಬಿಡಿಸಲು ಹದಿನೈದು ದಿನಗಳ ನೋಟಿಸು ಬೇಕು. “ಕರಾರು ಮುಗಿದಿದೆ, ನಾಳೆಯೇ ಸಾಮಾನು ಹೊರಗೆ” ಎನ್ನುವ ಅಧಿಕಾರ ಮಾಲಕರಿಗಿಲ್ಲ. ಬಾಡಿಗೆದಾರರು ಒಪ್ಪದಿದ್ದರೆ ನ್ಯಾಯಾಲಯವೇ ದಾರಿ. ನಳ ಬಂದ್ ಮಾಡುವುದು, ಫ್ಯೂಜು ಕೀಳುವುದು ದಾರಿಯಲ್ಲ.

“ನಮ್ಮ ಅಜ್ಜನ ಕಾಲದಿಂದ ಅಂಗಡಿ ಬಾಡಿಗೆಗಿದೆ, ಇನ್ನೂ ಜುಜುಬಿ ಬಾಡಿಗೆ ಬರುತ್ತಿದೆ. ಬಾಡಿಗೆ ನಿಯಂತ್ರಣ ಕಾಯ್ದೆ ಈಗಲೂ ಇದೆಯೇ?”

ಇದೆ, ಆದರೆ ಹಲ್ಲು ಉದುರಿದೆ. 1956ರವರೆಗೆ ಬೆಳಗಾವಿ, ವಿಜಯಪುರ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ಇಂದಿನ ಬಾಗಲಕೋಟೆಯೂ ಆಗ ವಿಜಯಪುರದ ಭಾಗ. ಇಲ್ಲಿ ನಡೆದದ್ದು 1947ರ ಮುಂಬಯಿ ಬಾಡಿಗೆ ಕಾಯ್ದೆ. ಪೇಟೆಯ ಹಳೆಯ ಅಂಗಡಿಗಳಲ್ಲಿ ಪಗಡಿ (ಬಾಡಿಗೆಯ ಹೊರತಾಗಿ ಮೊದಲೇ ಕೊಡುವ ಇಡಿಗಂಟು) ಎಂಬ ಮಾತು ಇಂದಿಗೂ ಉಳಿದಿರುವುದು ಆ ಕಾಲದ ಗುರುತು. ಬಾಡಿಗೆ ಏರಿಸುವಂತಿಲ್ಲ, ಬಿಡಿಸುವಂತಿಲ್ಲ ಎಂದಾಗ ಹಣವು ಬಾಡಿಗೆಯ ಬಾಗಿಲು ಬಿಟ್ಟು ಪಗಡಿಯ ಕಿಟಕಿಯಿಂದ ಒಳಗೆ ಬಂತು. ಆಮೇಲೆ ರಾಜ್ಯದ 1961ರ ಕಾಯ್ದೆ, ಅದರ ಜಾಗಕ್ಕೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಂತು. ಇದು ಜಾರಿಯಾದದ್ದು 2001ರ ಡಿಸೆಂಬರ್ 31ರಂದು.

ಈ ಕಾಯ್ದೆಯ ವ್ಯಾಪ್ತಿ ಸಣ್ಣದು. ಅನುಸೂಚಿಯಲ್ಲಿ ಹೆಸರಿಸಿದ ಕೆಲವು ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳು ಇದರ ಹೊರಗೆ. ವ್ಯಾಪಾರದ ಜಾಗವಾದರೆ 14 ಚದರ ಮೀಟರಿನೊಳಗಿನ ಸಣ್ಣ ಅಂಗಡಿಗಳಿಗೆ ಮಾತ್ರ ಅನ್ವಯ. ಇಂದು ಹನುಮಾನ ನಗರದಲ್ಲಿ ಒಂದು ಬೆಡ್‌ರೂಮಿನ ಮನೆಯೂ ಆ ಮೊತ್ತಕ್ಕೆ ಸಿಗುವುದಿಲ್ಲ. ಅಂದರೆ ಹೊಸ ಬಾಡಿಗೆಗಳೆಲ್ಲ ಹೆಚ್ಚುಕಡಿಮೆ ಕರಾರಿನ ಮೇಲೆಯೇ ನಿಂತಿವೆ. ನಿಮ್ಮ ಅಜ್ಜನ ಅಂಗಡಿಯ ಅಳತೆ ತೆಗೆದುಕೊಂಡು ವಕೀಲರ ಬಳಿ ಹೋಗಿ, ಉತ್ತರ ಅಳತೆಯ ಟೇಪಿನಲ್ಲಿದೆ.

“ಬಾಡಿಗೆದಾರರು ಹನ್ನೆರಡು ವರ್ಷ ಇದ್ದರೆ ಮನೆ ಅವರದೇ ಆಗುತ್ತದೆಯಂತೆ, ನಿಜವೇ?”

ಸುಳ್ಳು. ಆದರೆ ಈ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ.

ನಮ್ಮ ಭಾಗದ ಜಮೀನುದಾರ ಮನೆತನಗಳಿಗೆ ಕುಳ ಕಾಯ್ದೆಯ, ಅಂದರೆ ಹೊಲದ ಗೇಣಿದಾರರ ಕಾಯ್ದೆಯ ನೆನಪು ರಕ್ತದಲ್ಲಿದೆ. ಮುಂಬಯಿ ಸರ್ಕಾರದ 1948ರ ಗೇಣಿ ಕಾಯ್ದೆ, ಬಳಿಕ ದೇವರಾಜ ಅರಸು ಅವರ ಕಾಲದಲ್ಲಿ 1974ರ ತಿದ್ದುಪಡಿ. ಉಳುವವನೇ ಹೊಲದೊಡೆಯನಾದ. ಲಾವಣಿಗೆ (ಗೇಣಿಗೆ) ಕೊಟ್ಟ ಹೊಲ ಕೈಬಿಟ್ಟುಹೋದ ಮನೆಯ ಮೊಮ್ಮಕ್ಕಳು ಇಂದು ಸದಾಶಿವ ನಗರದಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಕೊಂಡು, ಮೇಲಿನದಕ್ಕೆ ಬೀಗ ಹಾಕಿದ್ದಾರೆ. ನನ್ನ ಬಳಿ ಬರುವ ಒಬ್ಬ ನಿವೃತ್ತ ಮಾಸ್ತರರ ಮನೆಯ ಅಡ್ಡಗೋಡೆಗೆ ಒಂದು ಮೊಳೆ ಇದೆ. ಅದರಲ್ಲಿ ಮೇಲಿನ ಮನೆಯ ಕೀಲಿಕೈ ನೇತಾಡುತ್ತದೆ. ಕೀಲಿಯ ಜೊತೆ ಕಟ್ಟಿದ ರಟ್ಟಿನ ಚೂರಿನ ಮೇಲೆ ಅವರದೇ ಗುಂಡು ಅಕ್ಷರದಲ್ಲಿ “ಯಾರಿಗೂ ಇಲ್ಲ” ಎಂದಿದೆ. ಆ ಹೊಲ ಹೋದದ್ದು ಅವರ ತಂದೆಯ ಕಾಲದಲ್ಲಿ.

ಆ ಭೂಸುಧಾರಣೆ ಕೃಷಿ ಜಮೀನಿಗೆ ಸಂಬಂಧಿಸಿದ್ದು, ಊರೊಳಗಿನ ಬಾಡಿಗೆ ಮನೆಗೆ ಅಲ್ಲ. ಹನ್ನೆರಡು ವರ್ಷದ ಮಾತು ಬರುವುದು ಪ್ರತಿಕೂಲ ಸ್ವಾಧೀನದಲ್ಲಿ. ಮಾಲಕರ ಹಕ್ಕನ್ನು ಬಹಿರಂಗವಾಗಿ ಧಿಕ್ಕರಿಸಿ ಅಷ್ಟು ಕಾಲ ಸ್ವಾಧೀನದಲ್ಲಿದ್ದವರ ವಿಚಾರ ಅದು. ಬಾಡಿಗೆ ಕೊಡುತ್ತಿರುವವರು ಮಾಲಕರನ್ನು ಮಾಲಕರೆಂದು ಪ್ರತಿ ತಿಂಗಳೂ ಒಪ್ಪುತ್ತಲೇ ಇರುತ್ತಾರೆ; ನಲವತ್ತು ವರ್ಷ ಇದ್ದರೂ ಅವರು ಬಾಡಿಗೆದಾರರೇ. ಕರಾರು ಬರೆಸಿ, ಬಾಡಿಗೆಯನ್ನು ಬ್ಯಾಂಕ್ ಖಾತೆಗೆ ತೆಗೆದುಕೊಳ್ಳಿ. ತೆರಿಗೆಯ ಹೆದರಿಕೆಯಿಂದ ನಗದು ಪಡೆಯುವವರು ತಮ್ಮ ದೊಡ್ಡ ಸಾಕ್ಷಿಯನ್ನು ತಾವೇ ಅಳಿಸಿಕೊಳ್ಳುತ್ತಾರೆ.

“ಡಿಪಾಜಿಟ್ ಎರಡು ತಿಂಗಳಿಗಿಂತ ಹೆಚ್ಚು ಕೇಳುವಂತಿಲ್ಲ ಎಂದು ಮೊಬೈಲಿನಲ್ಲಿ ಬಂದಿದೆ. ಮಾಲಕರಿಗೆ ತೋರಿಸಲೇ?”

ತೋರಿಸಿದರೆ ನಗುತ್ತಾರೆ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಈ ಮಾತಿದೆ: ವಾಸದ ಮನೆಗೆ ಎರಡು ತಿಂಗಳು, ಇತರ ಕಟ್ಟಡಕ್ಕೆ ಆರು ತಿಂಗಳು. ಆದರೆ ಮಾದರಿ ಎಂದರೆ ಮಾದರಿಯೇ. ರಾಜ್ಯವು ತನ್ನ ಶಾಸನವಾಗಿ ಮಾಡಿಕೊಂಡಾಗ ಮಾತ್ರ ಅದಕ್ಕೆ ಬಲ. ಅಲ್ಲಿಯವರೆಗೆ ಡಿಪಾಜಿಟ್ ಮಾತುಕತೆಯ ವಿಷಯ. ಮರಳಿ ಕೊಡುವ ದಿನ, ಬಣ್ಣದ ಖರ್ಚಿಗೆ ಎಷ್ಟು ಮುರಿದುಕೊಳ್ಳಬಹುದು ಎಂಬುದನ್ನು ಕರಾರಿನಲ್ಲಿ ಅಂಕಿಯಲ್ಲಿ ಬರೆಸಿ. “ಯೋಗ್ಯ ಮೊತ್ತ” ಎಂಬ ಪದ ಇರುವ ಕರಾರುಗಳೇ ಜಗಳಕ್ಕೆ ಬರುವುದು.

“ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆಯಲ್ಲ, ನಮಗೇಕೆ ಮಾಲಕರು ಕರೆಂಟಿನ ಹಣ ಕೇಳುತ್ತಾರೆ?”

ನಿಮ್ಮ ಮನೆಗೆ ಬೇರೆ ಮೀಟರ್ ಇದೆಯೇ ಎಂದು ಮೊದಲು ಮೆಟ್ಟಿಲ ಕೆಳಗೆ ಬಗ್ಗಿ ನೋಡಿ. ನಮ್ಮಲ್ಲಿ ಹಲಗೆಯ ಮೇಲೆ ಮೂರು ಮೀಟರ್‌ಗಳು ಸಾಲಾಗಿದ್ದರೆ ಅದು ಬಾಡಿಗೆಗಾಗಿಯೇ ಕಟ್ಟಿದ ಮನೆ. ಒಂದೇ ಮೀಟರ್ ಇದ್ದು, ಒಳಗೆ ಮಾಲಕರೇ ಹಾಕಿಸಿದ ಸಬ್‌ಮೀಟರ್ ಇದ್ದರೆ ನೀವು ವಿದ್ಯುತ್ ಕಂಪನಿ ಹೆಸ್ಕಾಂನ ಲೆಕ್ಕದಲ್ಲಿಯೇ ಇಲ್ಲ.

ಗೃಹಜ್ಯೋತಿ 2023ರ ಜುಲೈನಿಂದ ಜಾರಿಗೆ ಬಂದ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ. ತಿಂಗಳಿಗೆ 200 ಯೂನಿಟ್ ಎಂಬುದು ಮೇಲಿನ ಗಡಿ. 2022-23ರಲ್ಲಿ ಆ ಮೀಟರಿನ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಶೇ 10 ಸೇರಿಸಿದಷ್ಟು ಉಚಿತ. ಕರಾರು ಪತ್ರ, ಆಧಾರ್ ಕೊಟ್ಟರೆ ಬಾಡಿಗೆದಾರರ ಹೆಸರಿಗೂ ಆಗುತ್ತದೆ. ಆದರೆ ಒಬ್ಬರ ಆಧಾರ್‌ಗೆ ಒಂದೇ ಮೀಟರ್. ಮೂರು ಮೀಟರ್ ಇರುವ ಮಾಲಕರು ಒಂದಕ್ಕೆ ಮಾತ್ರ ತಮ್ಮ ಹೆಸರು ಕೊಡಬಹುದು. ಉಳಿದೆರಡಕ್ಕೆ ಬಾಡಿಗೆದಾರರೇ ಬೇಕು. ಎಷ್ಟೋ ಮಾಲಕರು ಮೊದಲ ಬಾರಿಗೆ ಕರಾರು ಬರೆಸಿದ್ದು ಇದಕ್ಕಾಗಿಯೇ. ತೆರಿಗೆ ಇಲಾಖೆ ಇಷ್ಟು ವರ್ಷ ಮಾಡಿಸಲಾಗದ್ದನ್ನು ಕರೆಂಟು ಮಾಡಿಸಿತು. ಮನೆ ಬಿಡುವಾಗ ನಿಮ್ಮ ಆಧಾರ್ ಜೋಡಣೆಯನ್ನು ಹಳೆಯ ಮೀಟರಿನಿಂದ ತೆಗೆಸಿಕೊಂಡು ಹೋಗಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ಅರ್ಜಿ ಸಿಕ್ಕಿಕೊಳ್ಳುತ್ತದೆ.

ಪ್ರತ್ಯೇಕ ಮೀಟರ್ ಇರುವ ಮನೆಗೆ ಈಗ ಬಾಡಿಗೆ ಸ್ವಲ್ಪ ಹೆಚ್ಚು. ಸರ್ಕಾರ ಬಾಡಿಗೆದಾರರಿಗೆ ಕೊಟ್ಟದ್ದರಲ್ಲಿ ಒಂದು ಪಾಲು ಸದ್ದಿಲ್ಲದೆ ಮಾಲಕರ ಕಡೆಗೆ ಜಾರುತ್ತದೆ.

## ಮಾಲಕರ ಲೆಕ್ಕದ ಪುಸ್ತಕ

“ತಿಂಗಳಿಗೆ 12,000 ರೂಪಾಯಿ ಬಾಡಿಗೆ ಬರುತ್ತದೆ, ಪಿಂಚಣಿಯೂ ಇದೆ. ತೆರಿಗೆ ಎಷ್ಟು ಬೀಳುತ್ತದೆ?”

ಬಹುಶಃ ಏನೂ ಇಲ್ಲ. ವರ್ಷದ ಬಾಡಿಗೆ 1,44,000. ನೀವು ನಿಜವಾಗಿ ತುಂಬಿದ ಘರಪಟ್ಟಿ 6,000 ಎಂದುಕೊಂಡರೆ ಅದನ್ನು ಕಳೆದು 1,38,000. ಇದರಲ್ಲಿ ಶೇ 30ನ್ನು ದುರಸ್ತಿ, ಬಣ್ಣ, ವಸೂಲಿ ಇತ್ಯಾದಿಗೆಂದು ಸರ್ಕಾರವೇ ಬಿಟ್ಟುಕೊಡುತ್ತದೆ. ಒಂದು ಪೈಸೆ ಖರ್ಚು ಮಾಡದಿದ್ದರೂ ಸರಿ, ಬಿಲ್ಲು ಕೇಳುವುದಿಲ್ಲ. ಅದು 41,400. ಉಳಿದ 96,600 ಮಾತ್ರ ನಿಮ್ಮ ಆದಾಯಕ್ಕೆ ಸೇರುತ್ತದೆ. ತಿಂಗಳಿಗೆ 40,000 ಪಿಂಚಣಿ ಇದ್ದರೆ, ಆದಾಯ ತೆರಿಗೆಯ ಹೊಸ ಪದ್ಧತಿಯ (ದರ ಕಡಿಮೆ, ವಿನಾಯಿತಿಗಳೂ ಕಡಿಮೆ) 75,000 ಕಡಿತದ ನಂತರ 4,05,000. ಒಟ್ಟು 5,01,600. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ರಿಬೇಟಿನಿಂದಾಗಿ (ತೆರಿಗೆಯಲ್ಲಿಯೇ ಕೊಡುವ ಸೋಡಿ) ತೆರಿಗೆ ಶೂನ್ಯ. ಆದರೆ ಆದಾಯ 4 ಲಕ್ಷ ಮೀರಿದ್ದರಿಂದ ವಿವರ ಸಲ್ಲಿಸಲೇಬೇಕು.

ತೆರಿಗೆಯೇ ಇಲ್ಲದ ಆದಾಯವನ್ನು ಮುಚ್ಚಿಡಲು ಜನ ಎಷ್ಟು ಕಷ್ಟಪಡುತ್ತಾರೆ ಎಂಬುದು ನನ್ನ ಕಸುಬಿನ ನಿತ್ಯದ ವಿನೋದ. ಇಂಥವರ ನೋಟ್‌ಬುಕ್ಕಿನಲ್ಲಿ ಬಾಡಿಗೆ ಪೆನ್ಸಿಲಿನಲ್ಲಿ ಇರುತ್ತದೆ, ದಿನಸಿ ಪೆನ್ನಿನಲ್ಲಿ.

“ಬಾಡಿಗೆದಾರರು ನನ್ನ ಪ್ಯಾನ್ ನಂಬರ್ ಕೇಳುತ್ತಿದ್ದಾರೆ. ಕೊಟ್ಟರೆ ಸಿಕ್ಕಿಬೀಳುತ್ತೇನೆಯೇ?”

ಅವರು ನೌಕರದಾರರು, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಕೇಳುತ್ತಿದ್ದಾರೆ. ವರ್ಷಕ್ಕೆ ಒಂದು ಲಕ್ಷ, ಅಂದರೆ ತಿಂಗಳಿಗೆ 8,333 ಮೀರಿದ ಬಾಡಿಗೆಗೆ ಮಾಲಕರ ಪ್ಯಾನ್ ಕೊಡಬೇಕು. ಈ ವಿನಾಯಿತಿ ಹಳೆಯ ಪದ್ಧತಿಯಲ್ಲಿ ಮಾತ್ರ ಇದೆ. ಬೆಳಗಾವಿಯಂಥ ಊರಿಗೆ ಸಂಬಳದ ಶೇ 40 ಗರಿಷ್ಠ ಮಿತಿ. ಹೊಸ ಪದ್ಧತಿ ತಾನಾಗಿಯೇ ಅನ್ವಯವಾಗುವ ಪದ್ಧತಿಯಾದ 2023-24ರಿಂದ ಪ್ಯಾನ್ ಕೇಳುವವರೇ ಕಡಿಮೆಯಾಗಿದ್ದಾರೆ. “ಪ್ಯಾನ್ ಕೊಡುತ್ತೇನೆ, ಆದರೆ 500 ಹೆಚ್ಚು” ಎನ್ನುವ ಚೌಕಾಸಿಯೂ ಅದರೊಂದಿಗೆ ಸಾಯುತ್ತಿದೆ. ಕೊಡಿ, ಮೇಲಿನ ಉತ್ತರದ ಲೆಕ್ಕ ಓದಿಕೊಂಡು ಕೊಡಿ.

“ಮನೆ ಹೆಂಡತಿಯ ಹೆಸರಿನಲ್ಲಿದೆ, ಬಾಡಿಗೆ ನನ್ನ ಖಾತೆಗೆ ಬರುತ್ತದೆ. ತೆರಿಗೆ ಯಾರಿಗೆ?”

ಮನೆ ಕೊಂಡ ಹಣ ಅವರದೇ ಆಗಿದ್ದರೆ ಅವರಿಗೆ. ಹಣ ನೀವು ಕೊಟ್ಟು ಹೆಸರು ಮಾತ್ರ ಅವರದಾದರೆ ನಿಮ್ಮ ಆದಾಯಕ್ಕೇ ಸೇರುತ್ತದೆ. ಖಾತೆ ಯಾರದ್ದು ಎಂಬುದು ಮುಖ್ಯವಲ್ಲ.

“ಸಾಲ ಮಾಡಿ ಮೇಲೆ ಎರಡು ಮನೆ ಕಟ್ಟಿಸಿದರೆ ಬಡ್ಡಿಯನ್ನು ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದಲ್ಲವೇ?”

ಬಾಡಿಗೆ ಆದಾಯದಿಂದ ಪೂರ್ತಿ ಬಡ್ಡಿ ಕಳೆಯಬಹುದು. ತೊಡಕು ಇರುವುದು ಬಡ್ಡಿಯು ಬಾಡಿಗೆಯನ್ನು ಮೀರಿದಾಗ. ಮೊದಲ ವರ್ಷಗಳಲ್ಲಿ ಅದು ಮೀರಿಯೇ ಮೀರುತ್ತದೆ. ಮೊದಲು ಆ ನಷ್ಟವನ್ನೆಲ್ಲ ಸಂಬಳದಿಂದ ಕಳೆಯಬಹುದಾಗಿತ್ತು. 2017-18ರಿಂದ ವರ್ಷಕ್ಕೆ 2 ಲಕ್ಷದ ಮಿತಿ ಬಂತು. ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ಸಂಬಳದಿಂದ ಒಂದು ರೂಪಾಯಿಯನ್ನೂ ಕಳೆಯುವಂತಿಲ್ಲ. “ತೆರಿಗೆ ಉಳಿಸಲು ಮನೆ ಕಟ್ಟಿ” ಎಂಬ ಹಳೆಯ ಉಪದೇಶವನ್ನು ಮರೆತುಬಿಡಿ.

ಕಟ್ಟುವ ಖರ್ಚಿನಲ್ಲಿ ಮಾತ್ರ ಸ್ವಲ್ಪ ಉಸಿರು ಸಿಕ್ಕಿದೆ: ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18. ಆದರೆ ಉಸುಕು, ಗೌಂಡಿಯ ಪಗಾರ ಜಿಎಸ್‌ಟಿ ಮಂಡಳಿಯ ಮಾತನ್ನು ಕೇಳುವುದಿಲ್ಲ.

“ಮನೆಯ ಮಾಲಕರು ಅಮೆರಿಕದಲ್ಲಿದ್ದಾರೆ. ಬಾಡಿಗೆ ಅವರ ಖಾತೆಗೆ ಹಾಕುತ್ತೇನೆ. ನನಗೇನಾದರೂ ಜವಾಬ್ದಾರಿ ಇದೆಯೇ?”

ಇದೆ, ಮತ್ತು ಇದು ಬಹಳ ಜನರಿಗೆ ಗೊತ್ತಿಲ್ಲ. ಇಲ್ಲಿಯೇ ಇರುವ ಮಾಲಕರಿಗೆ ಸಾಮಾನ್ಯ ಬಾಡಿಗೆದಾರರು ಟಿಡಿಎಸ್ (ಹಣ ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಮುರಿಯಬೇಕಾದದ್ದು ಬಾಡಿಗೆ ತಿಂಗಳಿಗೆ 50,000 ಮೀರಿದರೆ. ದರ 2024ರ ಅಕ್ಟೋಬರ್‌ನಿಂದ ಶೇ 2. ಬೆಳಗಾವಿಯ ಮನೆಗಳಲ್ಲಿ ಅದು ಅಪರೂಪ. ಆದರೆ ಮಾಲಕರು ತೆರಿಗೆಯ ಲೆಕ್ಕದಲ್ಲಿ ಅನಿವಾಸಿಯಾಗಿದ್ದರೆ ಮೊದಲ ರೂಪಾಯಿಯಿಂದಲೇ ಶೇ 30, ಮೇಲೆ ಶೇ 4 ಸೆಸ್. 20,000 ಬಾಡಿಗೆಯಲ್ಲಿ 6,240 ಮುರಿದು ಸರ್ಕಾರಕ್ಕೆ ಕಟ್ಟಬೇಕು. ಅದಕ್ಕೆ ನೀವು ಟ್ಯಾನ್, ಅಂದರೆ ತೆರಿಗೆ ಮುರಿಯುವವರ ಸಂಖ್ಯೆ ಪಡೆಯಬೇಕು. ಮುರಿಯದಿದ್ದರೆ ಹೊಣೆ ನಿಮ್ಮ ತಲೆಗೆ.

ಮಾಲಕರು ಕಡಿಮೆ ದರದ ಪ್ರಮಾಣಪತ್ರ ತರಬಹುದು. ಹೆಚ್ಚಿನವರು ತರುವುದಿಲ್ಲ, ಬಾಡಿಗೆದಾರರಿಗೆ ವಿಷಯ ಗೊತ್ತಾದ ದಿನ ಮನೆಗೆ ಬೀಗ ಬೀಳುತ್ತದೆ. ಹಿಂದವಾಡಿಯಲ್ಲಿ ಇಂಥ ಬೀಗಗಳನ್ನು ನಾನೇ ತೋರಿಸಬಲ್ಲೆ.

“ಆರು ತಿಂಗಳಿಂದ ಬಾಡಿಗೆಯೇ ಬಂದಿಲ್ಲ. ಬಾರದ ಬಾಡಿಗೆಗೂ ತೆರಿಗೆಯೇ?”

ಇಲ್ಲ, ಆದರೆ ಷರತ್ತುಗಳಿವೆ. ಬಾಡಿಗೆದಾರರು ಮನೆ ಬಿಟ್ಟಿರಬೇಕು ಅಥವಾ ಬಿಡಿಸಲು ನೀವು ಕ್ರಮ ಕೈಗೊಂಡಿರಬೇಕು, ವಸೂಲಿಗೆ ಕಾನೂನಿನ ಪ್ರಯತ್ನ ಮಾಡಿರಬೇಕು. ಕನಿಷ್ಠ ಒಂದು ನೋಟಿಸು ಕಡತದಲ್ಲಿರಲಿ.

“ಮನೆಯನ್ನು ಪಿ.ಜಿ. ಮಾಡಿದರೆ ಜಿಎಸ್‌ಟಿ ಬರುತ್ತದೆಯೇ?”

ನೆಹರೂ ನಗರ, ಶಿವಬಸವ ನಗರದ ಮಾಲಕರ ಪ್ರಶ್ನೆ ಇದು. ವೈದ್ಯಕೀಯ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ತುಂಬಿರುವ ಕಡೆ ಒಂದು ಕುಟುಂಬಕ್ಕೆ ಕೊಡುವ ಮನೆಯಲ್ಲಿ ಆರು ಹಾಸಿಗೆ ಹಾಕಿದರೆ ಆದಾಯ ಎರಡು ಪಟ್ಟು. 2024ರ ಜುಲೈ 15ರಿಂದ ತಲೆಗೆ ತಿಂಗಳಿಗೆ 20,000 ರೂಪಾಯಿವರೆಗಿನ ವಸತಿಗೆ, ಕನಿಷ್ಠ 90 ದಿನ ಸತತವಾಗಿ ಇದ್ದರೆ ಜಿಎಸ್‌ಟಿ ವಿನಾಯಿತಿ ಇದೆ. ನಮ್ಮ ಊರಿನ ಯಾವ ಪಿ.ಜಿ.ಯೂ ಆ ಮೊತ್ತದ ಹತ್ತಿರಕ್ಕೂ ಹೋಗುವುದಿಲ್ಲ. ಇನ್ನು ಕುಟುಂಬವೊಂದು ವಾಸಕ್ಕಾಗಿ ಪಡೆದ ಮನೆಯ ಬಾಡಿಗೆಗೆ ಜಿಎಸ್‌ಟಿ ಮೊದಲಿನಿಂದಲೂ ಇಲ್ಲ. ಬಾಡಿಗೆಗೆ ಪಡೆಯುವವರು ಜಿಎಸ್‌ಟಿ ನೋಂದಣಿ ಇರುವ ಕಂಪನಿಯಾದರೆ 2022ರ ಜುಲೈ 18ರಿಂದ ಶೇ 18ನ್ನು ಕಂಪನಿಯೇ ಕಟ್ಟಬೇಕು.

ಆದರೆ ಇದರ ಬೆಲೆ ತೆರುವವರು ಬೇರೆ. ಇಲ್ಲಿ ಸಂಸಾರಸ್ಥರಿಗೆ ನೆಲಮಹಡಿಯ ಮನೆ ಸಿಗುವುದು ಕಷ್ಟವಾಗಿದೆ. ತೆರಿಗೆ ಎರಡಕ್ಕೂ ಸಮಾನ, ಆದಾಯ ಅಸಮಾನ ಎಂದಾದರೆ ಮಾಲಕರು ಯಾವ ಕಡೆ ವಾಲುತ್ತಾರೆ ಎಂಬುದಕ್ಕೆ ಪಂಚಾಂಗ ಬೇಡ.

“ಉದ್ಯಮಬಾಗದಲ್ಲಿ ನನ್ನದೊಂದು ಶೆಡ್ಡು ಬಾಡಿಗೆಗಿದೆ. ನನಗೆ ಜಿಎಸ್‌ಟಿ ನೋಂದಣಿ ಇಲ್ಲ. ಆದರೂ ಬಾಡಿಗೆದಾರರು ಶೇ 18ರ ಮಾತಾಡುತ್ತಿದ್ದಾರೆ, ಏಕೆ?”

ಬಾಡಿಗೆ ಸೇರಿ ನಿಮ್ಮ ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷದೊಳಗಿದ್ದರೆ ನಿಮಗೆ ನೋಂದಣಿ ಬೇಕಿಲ್ಲ. ಆದರೆ 2024ರ ಅಕ್ಟೋಬರ್ 10ರಿಂದ ನಿಯಮ ತಿರುಗಿದೆ: ನೋಂದಣಿ ಇಲ್ಲದ ಮಾಲಕರಿಂದ ವಾಣಿಜ್ಯ ಕಟ್ಟಡ ಪಡೆದ ನೋಂದಾಯಿತ ಉದ್ಯಮಿಯೇ ಶೇ 18ನ್ನು ಸರ್ಕಾರಕ್ಕೆ ಕಟ್ಟಬೇಕು. ಫೌಂಡ್ರಿಯವರಾದರೆ ಅದನ್ನು ತಮ್ಮ ಮಾರಾಟದ ಜಿಎಸ್‌ಟಿಯಲ್ಲಿ ಜಮಾ ತೆಗೆದುಕೊಳ್ಳುತ್ತಾರೆ. ಕೈಯಿಂದ ಹೋಗುವುದೇನೂ ಇಲ್ಲ. ಆದ್ದರಿಂದ “ಜಿಎಸ್‌ಟಿ ಬಂತು, ಬಾಡಿಗೆ ಇಳಿಸಿ” ಎಂದರೆ ಒಪ್ಪಬೇಡಿ. ಕಾಂಪೊಸಿಷನ್ ಯೋಜನೆಯಲ್ಲಿರುವ (ವಹಿವಾಟಿನ ಮೇಲೆ ಸಣ್ಣ ನಿಗದಿತ ದರ ಕಟ್ಟುವ) ಸಣ್ಣ ವ್ಯಾಪಾರಿಗಳನ್ನು ಬಳಿಕ ಇದರಿಂದ ಹೊರಗಿಟ್ಟರು. ಅವರಿಗೆ ಜಮಾ ಸಿಗುವುದಿಲ್ಲವಾದ್ದರಿಂದ ಅದು ನ್ಯಾಯವೇ ಆಯಿತು.

## ಸ್ವಲ್ಪ ಆಳಕ್ಕೆ ಇಳಿದರೆ

“ನಮ್ಮದು ಗುಂಠಾ ಪ್ಲಾಟು, ಬಿ-ಖಾತಾ. ಬಾಡಿಗೆಗೆ ಕೊಡಬಹುದೇ?”

ಕೊಡಬಹುದು. ಬಾಡಿಗೆ ಕರಾರಿಗೆ ಖಾತೆಯ ಬಣ್ಣ ಯಾರೂ ಕೇಳುವುದಿಲ್ಲ. ಊರ ಸುತ್ತ ಹೊಲಗಳನ್ನು ಬಿನ್‌ಶೇತ್ಕಿ (ಕೃಷಿಯೇತರ) ಮಾಡಿಸದೆ ಗುಂಠೆಗಳ ಲೆಕ್ಕದಲ್ಲಿ ಮಾರಿದ್ದು, ಅಲ್ಲಿ ಮನೆಗಳು ಎದ್ದಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಬೆಳಗಾವಿಯ ದುಡಿಯುವ ಜನಕ್ಕೆ ಕೈಗೆಟುಕುವ ಬಾಡಿಗೆಯಲ್ಲಿ ಮನೆ ಸಿಕ್ಕಿದ್ದು ಯಾವ ವಸತಿ ಯೋಜನೆಯಿಂದಲೂ ಅಲ್ಲ, ಬಹುಮಟ್ಟಿಗೆ ಈ ಅನಧಿಕೃತ ಬಡಾವಣೆಗಳಿಂದಲೇ. ಇದನ್ನು ಹೇಳಿದರೆ ಅಧಿಕಾರಿಗಳಿಗೆ ಸಿಟ್ಟು ಬರುತ್ತದೆ.

2025ರಲ್ಲಿ ಬೆಂಗಳೂರಿನ ಹೊರಗಿನ ನಗರಗಳಲ್ಲಿಯೂ ಇಂಥ ಆಸ್ತಿಗಳಿಗೆ ಬಿ-ಖಾತಾ ಕೊಡಲು ಕಾನೂನು ಮಾಡಿದರು. ಮೊದಲ ವರ್ಷ ದುಪ್ಪಟ್ಟು ತೆರಿಗೆ, ಆಮೇಲೆ ಸಾಮಾನ್ಯ ದರ. ಬಿ-ಖಾತಾ ಎಂದರೆ ಸಕ್ರಮವಲ್ಲ. ತೆರಿಗೆಯ ಪುಸ್ತಕಕ್ಕೆ ಹೆಸರು ಏರಿತು, ಅಷ್ಟೇ. ಬ್ಯಾಂಕುಗಳು ಇದರ ಮೇಲೆ ಸಾಲ ಕೊಡಲು ಹಿಂಜರಿಯುತ್ತವೆ. ಮಾಲಕರು ಪತ್ತಿನ ಸೊಸೈಟಿಯಿಂದ ದುಬಾರಿ ಬಡ್ಡಿಗೆ ಸಾಲ ತಂದು ಒಂದೊಂದೇ ಕೋಣೆ ಕಟ್ಟುತ್ತಾರೆ. ಮಾಳಿಗೆಯ ಮೇಲೆ ಕಬ್ಬಿಣದ ಸರಳುಗಳು ಆಕಾಶ ನೋಡುತ್ತಾ ನಿಂತಿರುತ್ತವಲ್ಲ, ಅವು ಮುಂದಿನ ಬಾಡಿಗೆ ಮನೆಗಳು.

“ಸರ್ಕಾರದಿಂದ ಸಿಕ್ಕ ಆಶ್ರಯ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇವೆ. ತೊಂದರೆಯಾಗುತ್ತದೆಯೇ?”

ಆಗಬಹುದು. ಫಲಾನುಭವಿಯೇ ವಾಸಿಸಬೇಕು ಎಂಬುದು ಮಂಜೂರಾತಿಯ ಷರತ್ತು. ಆದರೂ ಕೊಡುತ್ತಾರೆ, ಏಕೆಂದರೆ ಮನೆ ಸಿಕ್ಕಿದ್ದು ಊರಾಚೆ, ಕೆಲಸ ಇರುವುದು ಖಾಸಬಾಗದ ಮಗ್ಗದ ಬಳಿ. ನೇಕಾರರ ಕುಟುಂಬವೊಂದು ತನ್ನ ಮನೆಯನ್ನು ಬಾಡಿಗೆಗೆ ಕೊಟ್ಟು, ತಾನು ಮಗ್ಗದ ಪಕ್ಕದ ಕೋಣೆಗೆ ಬಾಡಿಗೆ ಕಟ್ಟುವುದನ್ನು ಕಂಡಿದ್ದೇನೆ. ನಮ್ಮ ವಸತಿ ನೀತಿ ಬಹುಕಾಲ ಎಲ್ಲರನ್ನೂ ಮಾಲಕರನ್ನಾಗಿ ಮಾಡಲು ಹೊರಟಿತು. ಬಾಡಿಗೆದಾರರಾಗಿಯೇ ಚೆನ್ನಾಗಿ ಬದುಕಬೇಕಾದವರನ್ನು ಮರೆಯಿತು. 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೆಯ ಹಂತದಲ್ಲಿ ಬಾಡಿಗೆ ವಸತಿಗೂ ಒಂದು ವಿಭಾಗವಿದೆ.

“ಕ್ಯಾಂಪಿನಲ್ಲಿ ಬಂಗಲೆ ಬಾಡಿಗೆಗೆ ನೋಡುತ್ತಿದ್ದೇನೆ. ಅಲ್ಲಿಯೂ ಇದೇ ನಿಯಮಗಳೇ?”

ಕ್ಯಾಂಪ್ ಎಂದರೆ ಸೈನ್ಯದ ದಂಡು ಪ್ರದೇಶ. ಘರಪಟ್ಟಿ ದಂಡು ಮಂಡಳಿಗೆ (ಕಂಟೋನ್ಮೆಂಟ್ ಬೋರ್ಡ್) ಹೋಗುತ್ತದೆ, ಪಾಲಿಕೆಗಲ್ಲ. ಹಳೆಯ ಬಂಗಲೆಗಳಲ್ಲಿ ನೆಲ ರಕ್ಷಣಾ ಇಲಾಖೆಯದು, ಮೇಲಿನ ಕಟ್ಟಡ ಮಾತ್ರ ಖಾಸಗಿಯವರದು ಎಂಬ ಬ್ರಿಟಿಷರ ಕಾಲದ ವ್ಯವಸ್ಥೆ ಉಂಟು. ಕಾಗದಪತ್ರ ನೋಡದೆ ದೊಡ್ಡ ಡಿಪಾಜಿಟ್ ಕೊಡಬೇಡಿ. ಮಾವಿನ ಮರ, ಹೆಂಚಿನ ಸೂರು ನೋಡಿ ಮರುಳಾಗುವವರನ್ನು ತಡೆಯುವುದು ಕಷ್ಟ ಎಂದೂ ಗೊತ್ತು.

“ಬಾಗಲಕೋಟೆಯ ನವನಗರದಲ್ಲಿ ಬಾಡಿಗೆ ಮನೆ ಕಟ್ಟಿಸುವುದು ಲಾಭವೇ?”

ಆ ಊರೇ ಸರ್ಕಾರದ ಒಂದು ನಿರ್ಧಾರದಿಂದ ಹುಟ್ಟಿದ್ದು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗ ಮುಳುಗಿ, ಸೆಕ್ಟರ್‌ಗಳ ನವನಗರ ಎದ್ದಿತು. ಅಣೆಕಟ್ಟಿನ ಮಟ್ಟ 519.60 ಮೀಟರಿನಿಂದ 524.256ಕ್ಕೆ ಏರಿದರೆ ಇನ್ನಷ್ಟು ಜನ ಎತ್ತರಕ್ಕೆ ಬರಬೇಕು. ಅವರಿಗೆ ಮೊದಲು ಬೇಕಾಗುವುದು ಬಾಡಿಗೆ ಮನೆಯೇ. ಆದರೆ ಆ ನೀರು ಯಾವ ವರ್ಷ ಏರುತ್ತದೆ ಎಂಬುದನ್ನು ನಂಬಿ ಸಾಲ ಮಾಡುವುದನ್ನು ನಾನಂತೂ ಸಲಹೆ ಮಾಡಲಾರೆ.

“ಬಾಡಿಗೆ ಮನೆ ಮಾರಿ ಬ್ಯಾಂಕಿನಲ್ಲಿಟ್ಟರೆ ಒಳ್ಳೆಯದಲ್ಲವೇ?”

ಲೆಕ್ಕಕ್ಕೆ ಒಳ್ಳೆಯದು. 60 ಲಕ್ಷ ಬೆಲೆಯ ಮನೆಗೆ 14,000 ಬಾಡಿಗೆ ಎಂದರೆ ವರ್ಷಕ್ಕೆ 1,68,000, ಶೇ 2.8. ಯಾವ ಬ್ಯಾಂಕಿನ ದೀರ್ಘಾವಧಿ ಠೇವಣಿಯೂ ಇದಕ್ಕಿಂತ ಹೆಚ್ಚು ಕೊಡುತ್ತದೆ. ಹಾಗಿದ್ದೂ ಜನ ಮನೆ ಇಟ್ಟುಕೊಳ್ಳುವುದು ಬೆಲೆ ಏರುತ್ತದೆ ಎಂದು; ಬಾಡಿಗೆ ಅವರಿಗೆ ಕಾವಲುಗಾರನ ಪಗಾರವಿದ್ದಂತೆ.

ಮಾರಿದಾಗಿನ ತೆರಿಗೆ ಹೀಗಿದೆ. 2005-06ರಲ್ಲಿ 10 ಲಕ್ಷಕ್ಕೆ ಕೊಂಡ ಮನೆಯನ್ನು 2025-26ರಲ್ಲಿ 60 ಲಕ್ಷಕ್ಕೆ ಮಾರಿದ್ದೀರಿ. ಹೊಸ ರೀತಿಯಲ್ಲಿ 50 ಲಕ್ಷ ಲಾಭಕ್ಕೆ ಶೇ 12.5, ಅಂದರೆ 6.25 ಲಕ್ಷ. 2024ರ ಜುಲೈ 23ಕ್ಕಿಂತ ಮುಂಚೆ ಕೊಂಡದ್ದರಿಂದ ಇಲ್ಲಿನ ನಿವಾಸಿಗಳಿಗೆ ಹಳೆಯ ರೀತಿಯ ಆಯ್ಕೆಯೂ ಇದೆ. ಹಣದುಬ್ಬರ ಸೂಚ್ಯಂಕ 117ರಿಂದ 376ಕ್ಕೆ ಏರಿದೆ, ಆದ್ದರಿಂದ ಕೊಂಡ ಬೆಲೆಯನ್ನು 32.14 ಲಕ್ಷ ಎಂದು ಹಿಡಿಯುತ್ತಾರೆ. 27.86 ಲಕ್ಷಕ್ಕೆ ಶೇ 20, ಅಂದರೆ 5.57 ಲಕ್ಷ. ಹಳೆಯದೇ ಲೇಸು. ಕೊಳ್ಳುವವರ ಕಡೆ ನೋಡಿದರೆ ಮುದ್ರಾಂಕ ಶುಲ್ಕ ಸೆಸ್ ಸಹಿತ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು 2. ಕೈ ಬದಲಿಸುವ ಖರ್ಚು ಇಷ್ಟಿರುವಾಗ ಮನೆಗಳು ಹಳೆಯ ಕೈಗಳಲ್ಲಿಯೇ ಉಳಿಯುತ್ತವೆ.

“ಊರಿನಲ್ಲಿ ಇಷ್ಟೊಂದು ಮನೆಗಳಿಗೆ ಬೀಗ ಇದೆ, ಆದರೂ ಬಾಡಿಗೆ ಏಕೆ ಇಳಿಯುವುದಿಲ್ಲ? ಸರ್ಕಾರ ಏನು ಮಾಡಬಹುದು?”

ಬೀಗ ಹಾಕಿದ ಎರಡನೆಯ ಮನೆಗೂ ಆದಾಯ ತೆರಿಗೆ ಇಲ್ಲ. ಎರಡು ಮನೆಗಳವರೆಗೆ ಸ್ವಂತ ವಾಸದವೆಂದು ತೋರಿಸಬಹುದು. ಬಾಡಿಗೆಗೆ ಕೊಟ್ಟರೆ ಮಾತ್ರ ತೆರಿಗೆ, ಕಾಗದ, ಕಿರಿಕಿರಿ. ಹೀಗಾಗಿ ನಿಯಮವೇ ಬೀಗದ ಪಕ್ಷದಲ್ಲಿದೆ. ಖಾಲಿ ಮನೆಗೆ ದಂಡ ಹಾಕಿ ಎಂದು ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ, ಒಂದು ಬಲ್ಬು ಹಚ್ಚಿಟ್ಟು ವಾಸವಿದೆ ಎನ್ನುತ್ತಾರೆ. ಅದರ ಬದಲು ಬಾಡಿಗೆಯ ತಕರಾರು ಆರು ತಿಂಗಳಲ್ಲಿ ಇತ್ಯರ್ಥವಾಗುವ ವ್ಯವಸ್ಥೆ ಮಾಡಿದರೆ, ಮಾಸ್ತರರಂಥವರ ಮೊಳೆಯಿಂದ ಎಷ್ಟೋ ಕೀಲಿಗಳು ಕೆಳಗಿಳಿಯುತ್ತವೆ.

ಇನ್ನೊಂದು, ಬಾಡಿಗೆಯ ಹೆಸರೇ ಇಲ್ಲದ ಯೋಜನೆಗಳು ಬಾಡಿಗೆಯನ್ನು ಹೆಚ್ಚು ಅಲ್ಲಾಡಿಸುತ್ತವೆ. 2008ರಲ್ಲಿ ಬೆಳಗಾವಿಯ ಕೆಲವು ವಾರ್ಡ್‌ಗಳಿಗೆ ದಿನದ 24 ಗಂಟೆಯೂ ನೀರು ಬಂತು. ಉಳಿದವರು ನಳದ ದಿನ ಎಣಿಸುತ್ತಾ ಉಳಿದರು. ಅಂದಿನಿಂದ ಬಾಡಿಗೆ ಮನೆ ಹುಡುಕುವವರು ಕೇಳುವ ಮೊದಲ ಪ್ರಶ್ನೆ “ನೀರು ಹೇಗೆ?” ಎಂಬುದು. ಅದೇ ರೀತಿ, 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧಕ್ಕೆ ದೊಡ್ಡ ಕಚೇರಿಗಳು ಕಾಯಂ ಆಗಿ ಬಂದಿದ್ದರೆ ಹಲಗಾ, ಬಸ್ತವಾಡದ ಬಾಡಿಗೆ ಇಂದು ಬೇರೆಯೇ ಇರುತ್ತಿತ್ತು. ಅಧಿವೇಶನದ ಹತ್ತು ದಿನ ಲಾಡ್ಜುಗಳ ದರ ಏರುತ್ತದೆ, ಹನ್ನೊಂದನೆಯ ದಿನ ಇಳಿಯುತ್ತದೆ.

ಮಾಸ್ತರರ ವಿಷಯ ಕೇಳಿದವರಿಗೆ: ಕಳೆದ ದೀಪಾವಳಿಗೆ ಅವರು ಕರಾರಿನ ನಮೂನೆ ಒಯ್ದಿದ್ದಾರೆ. ಸಹಿ ಇನ್ನೂ ಆಗಿಲ್ಲ.